ಕಲ್ಲಿನ ಹೆಸರು ಓಗೊಟ್ಟಾಗ

“ಚಂದಮ್ಮ” ಎಂದು ಸಮಾಧಿ ಕಲ್ಲಿನ ಮೇಲಿದ್ದ ಹೆಸರನ್ನು ನಾನು ಗಟ್ಟಿಯಾಗಿ ಓದಿದ್ದೇ ತಡ, ಬೆನ್ನ ಹಿಂದಿನಿಂದ “ಆಂ? ಯಾರ್ರೀ ಕರದವ್ರು?” ಎಂಬ ದನಿ ಬಂತು.

ಹಳೆಯ ಸಮಾಧಿಗಳನ್ನು ಹುಡುಕಿ ಓದುವುದು ನನ್ನ ಹವ್ಯಾಸ. ಅಂದು ಅತನೂರಿನ ಹೊಲವೊಂದರಲ್ಲಿ, ಸವೆದ ಅಕ್ಷರ ಕಾಣಲೆಂದು ಕಲ್ಲಿಗೆ ಜೋಳದ ಹಿಟ್ಟು ತಿಕ್ಕುತ್ತಿದ್ದೆ. ತಿರುಗಿ ನೋಡಿದರೆ, ಉಡಿ ತುಂಬ ಕಡಲೆ ಸೊಪ್ಪು ಕಟ್ಟಿಕೊಂಡ ವಯಸ್ಸಾದ ಹೆಂಗಸು.

“ಇದು ನಮ್ಮ ಆಯಿ, ಅಪ್ಪನ ಅವ್ವನ ಸಮಾಧಿರಿ. ಆಕಿ ಹೆಸರೇ ನನಗಿಟ್ಟಾರ,” ಎಂದರು.

ಹೆತ್ತ ತಾಯಿಯ ಹೆಸರೆಂದು ಅಪ್ಪ ಅವರನ್ನು ಹಾಗೆ ಕರೆಯಲಿಲ್ಲವಂತೆ. ಅತ್ತೆಯ ಹೆಸರೆಂದು ಅವ್ವನೂ ಕರೆಯಲಿಲ್ಲ. ಗಂಡನೂ ಹೆಂಡತಿಯ ಹೆಸರೆತ್ತುವ ಪೈಕಿಯವನಲ್ಲ. ಹೆಸರು ಹಿಡಿದು ಕೂಗುತ್ತಿದ್ದವಳು ಗೆಳತಿಯೊಬ್ಬಳೇ. ಅವಳೂ ಹೋದ ವರ್ಷ ತೀರಿಕೊಂಡಳಂತೆ.

ಹಿಟ್ಟು ತುಂಬಿದ ಅಕ್ಷರಗಳ ಮೇಲೆ ಬೆರಳಾಡಿಸುತ್ತಾ, “ಇನ್ನೊಮ್ಮಿ ಓದ್ರಿ ಸರ,” ಎಂದರು.

ಓದಿದೆ.

ತಲೆಯ ಮೇಲೆ ಸೆರಗು ಎಳೆದುಕೊಂಡು ಅವರು ಮೆಲ್ಲಗೆ ಓಗೊಟ್ಟರು: “ಇಲ್ಲೇ ಅದೀನ್ರಿ.”

ಮೊದಲೆಲ್ಲ ಹೆಸರು ಬರೆದುಕೊಂಡು ಮುಂದಿನ ಕಲ್ಲಿಗೆ ಹೋಗಿಬಿಡುತ್ತಿದ್ದೆ. ಈಗ ಪ್ರತಿ ಹೆಸರನ್ನೂ ಗಟ್ಟಿಯಾಗಿ ಓದಿ, ಸ್ವಲ್ಪ ಹೊತ್ತು ಕಾಯುತ್ತೇನೆ.