ಚಿಕ್ಕನಿಂಗಮ್ಮನ ಬಾಣಂತನದ ಕೋಳಿಗಳು

ಶಾಗ್ಯದ ಚಿಕ್ಕನಿಂಗಮ್ಮ ಗಂಡ ಹೋದ ಮೇಲೆ ಕೂಲಿ ಮಾಡಿ, ನಾಟಿ ಮೊಟ್ಟೆ ಮಾರಿ, ಒಬ್ಬಳೇ ಮಗಳು ಕವಿತಳನ್ನು ಬೆಳೆಸಿ ಕಾಮಗೆರೆಗೆ ಕೊಟ್ಟು ಮದುವೆ ಮಾಡಿದವಳು. ಬಾಯಿ ಮಾತ್ರ ಸ್ವಲ್ಪ ಜೋರು. ಹಿತ್ತಲಲ್ಲಿ ನಿಂತು "ಬಾ ಬಾ ಬಾ" ಅಂದಳೆಂದರೆ ಪಕ್ಕದ ಬೀದಿಯ ಕೋಳಿಗಳೂ ಓಡಿ ಬರಬೇಕು, ಅಂಥ ಗಂಟಲು.

ಆ ಕವಿತ ಈಗ ಬಸುರಿ, ಚೊಚ್ಚಲು. ಏಳು ತುಂಬುತ್ತಲೇ ತವರಿಗೆ ಕರೆತರಬೇಕು, ಹೆರಿಗೆಯಾದ ಮೇಲೆ ಮೆಣಸು ಅರೆದು ಕೋಳಿ ಸಾರು ಮಾಡಿ ಉಣ್ಣಿಸಬೇಕು. ಅದಕ್ಕೆಂದೇ ಚಿಕ್ಕನಿಂಗಮ್ಮ ಒಂದಷ್ಟು ಎಳೆ ಕೋಳಿಗಳನ್ನು ಬೇರೆ ಮಾಡಿ, ರಾಗಿ ಹಾಕಿ, ಕಣ್ಣಲ್ಲಿ ಕಣ್ಣಿಟ್ಟು ಸಾಕುತ್ತಿದ್ದಳು. ಬಂದ ನೆಂಟರು ಅವುಗಳತ್ತ ನೋಡಿದರೂ ಸಾಕು, "ಅವು ಬಾಣಂತನದ್ವು ಕಣ್ರಪ್ಪ, ನೀವು ಬಸ್ಸಾರು ಉಣ್ಣಿ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಿದ್ದಳು.

ಅಷ್ಟರಲ್ಲಿ ಊರಿಗೆ ಕೋಳಿ ರೋಗ ಬಿತ್ತು. ಮೇಗಲ ಬೀದಿಯ ಕೋಳಿಗಳು ಹಸಿರು ಹಿಕ್ಕೆ ಹಾಕಿ, ಕತ್ತು ತಿರುಚಿಕೊಂಡು ಬೀಳತೊಡಗಿದವು. ನಮ್ಮ ಕಡೆ ಹೀಗಾದಾಗ ಒಂದು ಪದ್ಧತಿ ಇದೆ ನೋಡಿ: ಗಟ್ಟಿಯಾಗಿರುವ ಕೋಳಿಗಳನ್ನು ಕುಕ್ಕೆಗೆ ತುಂಬಿ ನೆಂಟರೂರಿಗೆ ಸಾಗಿಸಿಬಿಡುವುದು. ರೋಗವೂ ಟಿಕೆಟ್ಟಿಲ್ಲದೆ ಅದೇ ಬಸ್ಸು ಹತ್ತುತ್ತದೆ ಅಂತ ಯಾರಿಗಾದರೂ ಹೊಳೆಯಬೇಕಲ್ಲ! ತನ್ನ ಬೀದಿಗೆ ರೋಗ ಕಾಲಿಡುವ ಮುಂಚೆಯೇ ಚಿಕ್ಕನಿಂಗಮ್ಮ ಬಾಣಂತನದ ಕೋಳಿಗಳನ್ನು ಕಾಮಗೆರೆಯ ಬೀಗಿತಿ ರಂಗಮ್ಮನ ಹಟ್ಟಿಯಲ್ಲಿ ಬಿಟ್ಟು ಬಂದಳು.

ಕೆಲವೇ ದಿನ, ಅಲ್ಲಿಯೂ ಕೋಳಿಗಳು ಕತ್ತು ತಿರುಚಿದವು. ರಂಗಮ್ಮನವೂ ಉಳಿಯಲಿಲ್ಲ, ಚಿಕ್ಕನಿಂಗಮ್ಮನವೂ ಉಳಿಯಲಿಲ್ಲ. ರಂಗಮ್ಮ ಫೋನಿನಲ್ಲಿ ಹರಿಹಾಯ್ದಳು.

"ನಿಮ್ಮೂರ್ ಪೀಡೆ ತಂದು ನಮ್ ಅಟ್ಟೀಲಿ ಬುಟ್ರಲ್ಲ! ಅಂಥ ಮನೇಗೆ ಬಸ್ರಿ ಎಣ್ಣ ಕಳ್ಸಾಕಿಲ್ಲ ನಾನು. ಬಾಣಂತನ ಇಲ್ಲೇ ಆಯ್ತದೆ. ನೀವು ಈ ಕಡೆ ತಲೆನೂ ಆಕ್ಬೇಡಿ!"

ಚೊಚ್ಚಲ ಬಾಣಂತನ ಮಾಡುವ ಭಾಗ್ಯವೇ ತಪ್ಪಿತಲ್ಲ! ಚಿಕ್ಕನಿಂಗಮ್ಮ ಒಲೆ ಮುಂದೆ ಕೂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಆಗ ಪಶು ಡಾಕ್ಟರು ಪದ್ಮಿನಿ ಸುತ್ತಲ ಊರುಗಳಲ್ಲಿ ಸತ್ತ ಕೋಳಿ, ಸಾಕಿದ ಪಾರಿವಾಳ, ಪಂಜರದ ಲವ್ ಬರ್ಡ್ಸು ಎಲ್ಲದರ ಸ್ಯಾಂಪಲ್ ತೆಗೆದು ಬೆಂಗಳೂರಿನ ಲ್ಯಾಬಿಗೆ ಕಳಿಸುತ್ತಿದ್ದರು. ಶಾಗ್ಯದ್ದೂ ಹೋಗಿತ್ತು, ರಂಗಮ್ಮನ ಹಟ್ಟಿಯದ್ದೂ ಹೋಗಿತ್ತು. ಕವಿತಳಿಗೆ ಏಳು ತುಂಬುವ ಹೊತ್ತಿಗೆ ಉತ್ತರ ಬಂತು. ಲಸಿಕೆ ಹಾಕಲು ಶಾಗ್ಯಕ್ಕೆ ಬಂದ ಪದ್ಮಿನಿ ಚಿಕ್ಕನಿಂಗಮ್ಮನ ಮನೆಗೇ ಬಂದು ಹೇಳಿದರು.

"ಅಮ್ಮಾ, ಎರಡು ಊರಲ್ಲೂ ರೋಗ ಒಂದೇ, ರಾಣಿಖೇತ್. ಆದರೆ ವೈರಸ್ಸಿನ ವಂಶ ಬೇರೆ ಬೇರೆ. ಕಾಮಗೆರೆಯಲ್ಲಿ ನಿಮ್ಮ ಕೋಳಿ, ಅವರ ಕೋಳಿ ಎರಡನ್ನೂ ಕೊಂದದ್ದು ಶಾಗ್ಯದ್ದಲ್ಲ. ಅದು ಪಾರಿವಾಳಗಳಲ್ಲಿ ಸಿಗುವಂಥದ್ದು. ಅವರ ಮನೆ ಪಾರಿವಾಳದಲ್ಲೂ ಅದೇ ಇತ್ತು."

"ಅಂದ್ರೆ ಕುಲ ಒಂದೇ, ಬೆಡಗು ಬ್ಯಾರೆ ಅನ್ನಿ!"

"ಹಾಗೇ ಅಂದುಕೊಳ್ಳಿ. ಆದರೆ ಕುಣಿಯಬೇಡಿ. ನಿಮ್ಮ ಕೋಳಿಗೆ ಮೊದಲೇ ತಗುಲಿದ್ದಿದ್ದರೆ ನಿಮ್ಮೂರಿನದನ್ನೇ ಹೊತ್ತುಕೊಂಡು ಹೋಗಿರುತ್ತಿದ್ದಿರಿ. ಇನ್ನು ಮೇಲೆ ರೋಗ ಬಂದ ಊರಿನಿಂದ ಕೋಳಿ ಸಾಗಿಸಬೇಡಿ, ಲಸಿಕೆ ಹಾಕಿಸಿ."

ಪಾರಿವಾಳ ಯಾರದು? ಬೀಗ ಮಾದಸ್ವಾಮಿಯದು! ಪುಣ್ಯಾತ್ಮ ಅದೇ ದಿನಗಳಲ್ಲಿ ಯಳಂದೂರಿನಿಂದ ಆಸೆಪಟ್ಟು ಒಂದು ಜೋಡಿ ತಂದು, ಜಾಗವೇ ಇಲ್ಲದವನ ಹಾಗೆ ಕೋಳಿ ಗೂಡಿನ ಮೇಲೇ ಇಟ್ಟಿದ್ದ.

ಮಾರನೆಯ ಬೆಳಿಗ್ಗೆ ಚಿಕ್ಕನಿಂಗಮ್ಮ ಒಳ್ಳೆ ಸೀರೆ ಉಟ್ಟು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಬಂದಳು. ಕಾಮಗೆರೆಯಲ್ಲಿ ನೋಡಿದರೆ, ಡಾಕ್ಟರ ಮಾತು ಅವಳಿಗಿಂತ ಮೊದಲೇ ತಲುಪಿತ್ತು. ರಂಗಮ್ಮ ಜಗುಲಿಯಲ್ಲಿ ತಲೆ ತಗ್ಗಿಸಿ ಕೂತಿದ್ದಳು.

"ಬಯ್ರಿ ಅಕ್ಕ, ಎಷ್ಟ್ ಬೇಕಾದ್ರೂ ಬಯ್ರಿ."

ಬಾಗಿಲಲ್ಲಿ ಕವಿತ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದಳು. ಅವ್ವ ಏನು ಅಂದುಬಿಡುತ್ತಾಳೋ ಎಂದು ಮುಖ ಬಿಳಿಚಿಕೊಂಡಿತ್ತು. ಆ ಮುಖ ಕಂಡದ್ದೇ ತಡ, ಜೋಡಿಸಿಟ್ಟ ಬೈಗುಳವೆಲ್ಲ ಚಿಕ್ಕನಿಂಗಮ್ಮನಿಗೆ ಮರೆತೇಹೋಯಿತು.

"ಏನಂತ ಬಯ್ಯಾದು? ಈ ಸಲ ನಿಮ್ ಪಾರಿವಾಳ ಸಿಕ್ಕಾಕ್ಕತ್ತು. ನನ್ ಕೋಳಿಗೆ ಮುಂಚೇನೆ ತಗ್ಲಿದ್ರೆ ನಂದೇ ಆಗಿರೋದು. ಗ್ಯಾನ ಇಲ್ದೆ ಕುಕ್ಕೆ ಒತ್ಕಂಡ್ ಬಂದೋಳು ನಾನೇ ಅಲ್ವಾ? ಮಗ್ಳ ಕಳ್ಸ್‌ಕೊಡಿ, ಅಷ್ಟೇ ಸಾಕು."

ರಂಗಮ್ಮ ಮೂಗು ಒರೆಸಿಕೊಳ್ಳುತ್ತಾ ಒಳಗೆ ಹೋದಳು. ಹೊರಗೆ ಬಂದಾಗ ಕೈಯಲ್ಲಿ ಎರಡು ಬ್ಯಾಗು.

"ಎರಡ್ಯಾಕೆ?" ಅಂದಳು ಚಿಕ್ಕನಿಂಗಮ್ಮ.

"ಒಂದು ಕವಿತಂದು, ಒಂದು ನಂದು. ನಾಟಿ ಕೋಳಿ ನಿಮ್ಮಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ಊರೂರು ಅಲ್ದು ತರ್ಬೇಕು. ನೀವೊಬ್ರೇ ಎಷ್ಟಂತ ಓಡಾಡೀರಿ?"

"ಅಲ್ಲ ಕಣೇ, ನನ್ ಊಟ?" ಎಂದ ಮಾದಸ್ವಾಮಿ, ಕಂಬದ ಮರೆಯಿಂದ.

"ಪಾರಿವಾಳನ ಕೇಳ್ಕಳಿ!"

ಕವಿತ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಮೂವರೂ ಬಸ್ಸು ಹತ್ತಿದರು. ಎಲ್ಲಿಗೆ ಎಂದು ಕಂಡಕ್ಟರ್ ಕೇಳಿದಾಗ, ಚಿಕ್ಕನಿಂಗಮ್ಮ ಬಾಯಿ ಬಿಡುವ ಮುಂಚೆ ರಂಗಮ್ಮ ಹೇಳಿದಳು:

"ನಮ್ ಸೊಸೆ ತವರ್ಗೆ ಕಣಪ್ಪ."