ಮೂರು ತಟ್ಟೆ, ಒಂದೇ ಷಡ್ಜ

ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಧಾರವಾಡದ ಒಂದು ಸಂಗೀತ ಸಂಗ್ರಹಾಲಯದಲ್ಲಿ ಧ್ವನಿ ತಂತ್ರಜ್ಞನಾಗಿದ್ದೆ. ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಕಂಪ್ಯೂಟರಿಗೆ ಇಳಿಸುವುದು ನನ್ನ ಕೆಲಸ. ಕೇಶ್ವಾಪುರದ ನಿವೃತ್ತ ಪ್ರಾಧ್ಯಾಪಕಿ ಸುಮಿತ್ರಾಬಾಯಿ ಮೂರು ತಟ್ಟೆ ತಂದುಕೊಟ್ಟರು. ಜಾಝ್ ಇನ್ನೂ ಎಳೆಯದಾಗಿದ್ದ ಕಾಲದ ಒಬ್ಬ ಪಿಯಾನೋ ವಾದಕನವು.

"ನಮ್ಮವರು ಇದಕ್ಕ ಮೇಜಿನ ಮ್ಯಾಲೆ ಬೆರಳಾಡಸ್ತಿದ್ರು. ಗ್ರಾಮಫೋನ್ ಕೆಟ್ಟಿತು, ಅವರೂ ಹೋದ್ರು. ಒಮ್ಮೆ ಕೇಳಸ್ರಿ ರಾಯರ, ಸಾಕು," ಅಂದರು.

ಇಂಥ ತಟ್ಟೆ ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗಬೇಕೆಂಬುದು ಹೆಸರಿಗೆ ಮಾತ್ರ. ಆಗಿನ ಕಂಪನಿಗಳು ಹೆಚ್ಚುಕಡಿಮೆ ಮಾಡುತ್ತಿದ್ದವು. ಸರಿಯಾದ ವೇಗವನ್ನು ಕಿವಿಯಿಂದಲೇ ಹಿಡಿಯಬೇಕು. ಗುಂಡಿ ತಿರುಗಿಸಿದರೆ ಗತಿಯೂ ಸ್ವರವೂ ಕೂಡಿಯೇ ಏರಿಳಿಯುತ್ತವೆ. ನಾನು ಹಿಡಿದೆ. "ಶಾಂತ ಸ್ವಭಾವದ ವಾದಕ, ಎಡಗೈ ಆನೆಯ ನಡಿಗೆ" ಎಂದು ಟಿಪ್ಪಣಿಯನ್ನೂ ಬರೆದೆ.

ಅದೇ ವಾರ ಹಳೇ ಹುಬ್ಬಳ್ಳಿಯ ದಸ್ತಗೀರಸಾಬ ನಮ್ಮ ಕಚೇರಿಯ ಹಾರ್ಮೋನಿಯಂ ಪೇಟಿ ಶ್ರುತಿ ಮಾಡಲು ಬಂದ. ನನ್ನ ಗುರುಗಳು ಹದಿನಾಲ್ಕು ವರ್ಷ ನನಗೆ ಹಾಡು ಕಲಿಸಿದರು. ಪೇಟಿ ಶ್ರುತಿಯಲ್ಲಿದೆಯೇ ಎಂದು ಒಮ್ಮೆಯೂ ನನ್ನನ್ನು ಕೇಳಲಿಲ್ಲ. "ದಸ್ತಗೀರ ಬರ್ಲಿ" ಅನ್ನುತ್ತಿದ್ದರು. ನೆನೆದರೆ ಈಗಲೂ ಚಹಾ ಕಹಿಯಾಗುತ್ತದೆ.

ತಟ್ಟೆ ಕೇಳಿ ಅವನು ತಲೆಯಾಡಿಸಿದ. "ಈ ಮನಶಾ ಓಡಾಂವ ಅದಾನ್ರಿ ರಾಯರ. ನೀವು ಅವನ ಕಾಲ ಕಟ್ಟೀರಿ."

"ನಿನಗ ಜಾಝ್ ಏನ್ ತಿಳೀತದೋ?"

"ಜಾಝ್ ತಿಳಿಯಂಗಿಲ್ರಿ. ನಗು ತಿಳೀತೈತಿ." ಒಂದು ತಟ್ಟೆಯ ಕೊನೆಗೆ ಯಾರೋ ನಗುತ್ತಿದ್ದರು. "ಇದು ಮನಶಾ ನಕ್ಕಂಗ ಐತೇನ್ರಿ? ಎಮ್ಮಿ ನಕ್ಕಂಗೈತಿ."

ಕಚೇರಿಯವರೆಲ್ಲ ನಕ್ಕರು.

ಅವನು ಪೇಟಿಯ ಮೊದಲ ಕಪ್ಪು ಮನೆ, ಅಂದರೆ ಕೀಲಿ, ಒತ್ತಿ ಹಿಡಿದ. ಒಂದೊಂದಾಗಿ ಹಚ್ಚಿದ ಮೂರೂ ತಟ್ಟೆಗಳ ಸ್ವರ ಅದರ ಮೇಲೆಯೇ ಬಂದು ಕುಂತಿತು. "ಹಾಡಾವ್ರಿಗೆ ಒಂದ ಷಡ್ಜ. ಪಿಯಾನೋದವಗ ಎಲ್ಲಾ ಮನೀನೂ ತನ್ನವ ಅಲ್ಲೇನ್ರಿ?"

ಆ ಕಪ್ಪು ಮನೆ ನಾನು ನಲವತ್ತು ವರ್ಷ ಹಾಡಿದ ಷಡ್ಜ. ಗೊತ್ತಿಲ್ಲದೆ ಮೂರನ್ನೂ ನನ್ನ ಸ್ವರಕ್ಕೆ ಎಳೆದಿದ್ದೆ. ಆದರೂ ಒಪ್ಪಲಿಲ್ಲ; ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡು ಆ ನಗೆಯನ್ನು ಮನುಷ್ಯರ ನಗೆ ಮಾಡುತ್ತ ಕುಳಿತೆ. ಅದು ಸರಿಯಾದಾಗ ತಟ್ಟೆ ಎಪ್ಪತ್ತೆಂಟಕ್ಕೆ ತಿರುಗುತ್ತಿತ್ತು. ನಾನು ಇಟ್ಟಿದ್ದು ಎಪ್ಪತ್ತು.

ಅದೇ ಕಂಪನಿಯ ಉಳಿದೆರಡನ್ನೂ ಅದೇ ವೇಗಕ್ಕಿಟ್ಟು, ಮೂರನ್ನೂ ಹೊಸದಾಗಿ ಇಳಿಸಿ ಕೇಶ್ವಾಪುರಕ್ಕೆ ಒಯ್ದು ಕೇಳಿಸಿದೆ. ಎಡಗೈ ಆನೆಯಲ್ಲ, ಟಾಂಗಾ ಕುದುರೆ. ಎರಡನೆಯ ಸಾಲಿಗೇ ಸುಮಿತ್ರಾಬಾಯಿಯವರ ಬೆರಳು ಮೇಜಿನ ಮೇಲೆ ಆಡತೊಡಗಿದವು.

"ಇದ ನೋಡ್ರಿ, ಇದ ಗತಿ. ಏನ್ ಕಿವೀರಿ ನಿಮ್ಮದು."

ಸುಮ್ಮನಿದ್ದರೆ ಆ ಹೊಗಳಿಕೆ ನನ್ನದೇ ಆಗುತ್ತಿತ್ತು. ಅಷ್ಟರಲ್ಲಿ ವಾದನ ಮುಗಿಯುತ್ತ ಬಂತು, ಆ ಮನುಷ್ಯ ನಕ್ಕ.

"ಕಿವಿ ನಂದಲ್ರಿ ಬಾಯಾರ," ಅಂದೆ. "ದಸ್ತಗೀರಸಾಬಂದು."

ಹೇಳಿದೆನೆಂದು ಹೊಟ್ಟೆಕಿಚ್ಚು ಹೋಗಲಿಲ್ಲ, ಇವತ್ತಿಗೂ ಇದೆ. ಆದರೆ ಉಳಿದ ಎರಡು ವರ್ಷ, ಬೇರೆಯವರ ತಟ್ಟೆ ಹಚ್ಚುವ ಮೊದಲು ನನ್ನ ಷಡ್ಜ ನಡುವೆ ಬರದಂತೆ ಪೇಟಿಯ ಮುಚ್ಚಳ ಹಾಕಿದೆಯೇ ಎಂದು ನೋಡಿಕೊಳ್ಳುತ್ತಿದ್ದೆ.