ಹೊಗೆಸೊಪ್ಪಿನ ಕೈ

ಕೆಲಸ ಕೇಳಿಕೊಂಡು ಹೋದವಳ ಕೈಯನ್ನು ಯಾರಾದರೂ ಮೂಸಿ ನೋಡುತ್ತಾರೆಯೇ? ನನ್ನ ಕೈಯನ್ನು ಮೂಸಿದರು. ಒಂದು ದಿನವಲ್ಲ, ದಿನಾ ಬೆಳಗ್ಗೆ, ಹೊಸ್ತಿಲ ಹೊರಗೆ ನಿಲ್ಲಿಸಿಕೊಂಡು. ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ನಾವು ನಿಪ್ಪಾಣಿ ಕಡೆಯವರು. ನಮ್ಮವ್ವ ಮನೆಯಲ್ಲೇ ಬೀಡಿ ಕಟ್ಟುತ್ತಿದ್ದಳು. ನಾನು ಶಾಲೆ ಬಿಟ್ಟ ವರ್ಷವೇ ತಂಬಾಕಿನ ಗೋದಾಮು ಸೇರಿದೆ. ಒಣಗಿದ ಎಲೆ ಬಡಿಯುವುದು, ಜರಡಿ ಹಿಡಿಯುವುದು, ಚೀಲ ತುಂಬುವುದು. ತಂಬಾಕಿನ ಧೂಳು ಕುಡಿದೂ ಕುಡಿದೂ ಅವ್ವನ ಎದೆ ಹಾಳಾಯಿತು. ಅವಳು ಹೋದ ಮೇಲೆ ನನಗೂ ಅದೇ ಕೆಮ್ಮು ಹತ್ತಿತು. ನನ್ನ ಗಂಡ ಲಾರಿ ರಿಪೇರಿ ಮಾಡುವವನು. ಮಂಡ್ಯ ಸೀಮೆಯ ನಿಡಘಟ್ಟದ ಬಳಿ ಒಂದು ಗ್ಯಾರೇಜಿನಲ್ಲಿ ಆಳು ಬೇಕಂತೆ ಅಂತ ಯಾರೋ ಹೇಳಿದಾಗ ಅವನಿನ್ನೂ ಗಡ್ಡ ಕೆರೆದುಕೊಳ್ಳುತ್ತಾ ಯೋಚನೆ ಮಾಡುತ್ತಿದ್ದ. ನಾನಾಗಲೇ ಪಾತ್ರೆಪಗಡ ಮೂಟೆ ಕಟ್ಟಿದ್ದೆ.

ಮದ್ದೂರಿನಲ್ಲಿ ಒಂದು ಕೋಣೆ ಹಿಡಿದೆವು. ಬಂದ ಮೇಲೆ ಗೊತ್ತಾಯಿತು, ಹೊಸ ಹೆದ್ದಾರಿ ಆದಂದಿನಿಂದ ಲಾರಿಗಳು ಹಳೇ ರಸ್ತೆಯ ಕಡೆ ತಿರುಗಿಯೂ ನೋಡುವುದಿಲ್ಲ ಅಂತ. ಗಂಡ ವಾರದಲ್ಲಿ ಮೂರು ನಾಲ್ಕು ದಿನ ಮನೆಯಲ್ಲೇ ಕೂತಿರುತ್ತಿದ್ದ. ಅವನೊಬ್ಬನ ದುಡಿಮೆಯಲ್ಲಿ ಇಲ್ಲಿ ನಿಲ್ಲುವಂತೆಯೇ ಇರಲಿಲ್ಲ. ನನಗೆ ಕೆಲಸ ಸಿಕ್ಕರೆ ಉಳಿಯುವುದು, ಇಲ್ಲವಾದರೆ ವಾಪಸ್ ನಿಪ್ಪಾಣಿ, ವಾಪಸ್ ಗೋದಾಮು. ಅದನ್ನು ನೆನೆದರೇ ನನಗೆ ಕೆಮ್ಮು ಬರುತ್ತಿತ್ತು.

ಮಂಡ್ಯದ ಸೀರೆ ಅಂಗಡಿಯೊಂದರಲ್ಲಿ ಕೇಳಿದೆ. ಮಾಲೀಕರು ನನ್ನ ಎರಡು ಮಾತು ಕೇಳಿಯೇ ಬೇಡವೆಂದು ಕೈ ಅಲ್ಲಾಡಿಸಿಬಿಟ್ಟರು. “ನಿನ್ ಮಾತು ಗಿರಾಕಿ ಮ್ಯಾಲೆ ಜಗಳಕ್ಕೆ ಓದಂಗೆ ಕೇಳ್ತದೆ ಕಣಮ್ಮ.” ಮಂಡ್ಯದವರು ಹೇಳಬೇಕೇ ಈ ಮಾತು! ಅಲ್ಲೇ ಪಕ್ಕದ ಗುತ್ತಲಿನ ಒಂದು ಮನೆಗೆ ಅಡುಗೆಯವಳು ಬೇಕಾಗಿದ್ದಳು. ಮುದ್ದೆ ಮಾಡಿ ತೋರಿಸು ಅಂದರು. ನಾನು ರೊಟ್ಟಿ ಬಡಿಯುವವಳು, ಜನ್ಮದಲ್ಲಿ ಮುದ್ದೆ ತಿರುವಿದವಳಲ್ಲ. ಆ ಮನೆಯ ಅಜ್ಜಿ ನನ್ನ ಮುದ್ದೆ ಮುರಿದು, ಒಳಗಿನ ಹಸಿ ಹಿಟ್ಟಿನ ಗಂಟು ನೋಡಿ, ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಎದ್ದು ಹೋದರು. ಬೈದಿದ್ದರೂ ಪರವಾಗಿರಲಿಲ್ಲ, ನಕ್ಕಿದ್ದು ತಡೆಯಲಾಗಲಿಲ್ಲ.

ಅವತ್ತು ಮದ್ದೂರಿಗೆ ಮರಳುವ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು ಮಳವಳ್ಳಿ ದಾರಿಯ ಹಳ್ಳಿಯೊಂದರ ಚಾಕಿ ಮನೆಯ ಸುದ್ದಿ ಹೇಳಿದಳು. ರೇಷ್ಮೆ ಮೊಟ್ಟೆ ತಂದು ಮರಿ ಮಾಡಿಸಿ, ಹುಳುಗಳು ಎರಡು ಜ್ವರ ದಾಟುವ ತನಕ ಸಾಕಿ, ಆಮೇಲೆ ರೈತರಿಗೆ ಕೊಡುವ ಮನೆ ಅದು. ಜ್ವರ ಅಂದರೆ ಕಾಯಿಲೆಯಲ್ಲ. ಹುಳು ಸೊಪ್ಪು ತಿನ್ನುವುದು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂತು ಹಳೇ ಚರ್ಮ ಕಳಚುತ್ತದಲ್ಲ, ಅದಕ್ಕೆ ಅಲ್ಲಿನವರು ಜ್ವರ ಅನ್ನುತ್ತಾರೆ. ಇದೆಲ್ಲ ನಾನು ಆಮೇಲೆ ಕಲಿತದ್ದು.

ಆ ಮನೆಯ ಯಜಮಾನಿ ಎತ್ತರದ ಆಳು, ಗಟ್ಟಿ ಗಂಟಲು. ಗಂಡ ತೀರಿಕೊಂಡ ಮೇಲೆ ಜಮೀನು, ಹಿಪ್ಪುನೇರಳೆ ತೋಟ, ಚಾಕಿ ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳುತ್ತಿದ್ದರು.

“ಯಾವೂರಮ್ಮಿ ನಿಂದು?”

“ನಿಪ್ಪಾಣಿ ಕಡಿಯಾಕಿರಿ ಅಕ್ಕಾರ. ತಂಬಾಕಿನ ಗೋದಾಮಿನ್ಯಾಗ ಕೆಲಸ ಮಾಡೇನ್ರಿ.” ದುಡಿಮೆ ಗೊತ್ತಿರುವವಳು ಅಂತ ತೋರಿಸಿಕೊಳ್ಳಲು ಹೇಳಿದ ಮಾತು.

ಅವರು ಹಾವು ಕಂಡವರಂತೆ ಹಿಂದೆ ಸರಿದರು. “ವಗೆಸೊಪ್ಪಾ! ಲೇ ಅಮ್ಮಿ, ಅದ್ರ ಸೋಂಕು ತಗುಲಿದ್ರೆ ನನ್ನುಳ ಎಲ್ಲ ಕಕ್ಕಂಡು ಸಾಯ್ತವೆ ಕಣೇ! ಓಗು, ಓಗು, ಆಚೆ ಓಗು.”

ನಾನು ಹೋಗಲಿಲ್ಲ. “ಆ ತಂಬಾಕು ಬಿಡಬೇಕಂತನ ಇಷ್ಟು ದೂರ ಬಂದೇನ್ರಿ. ನೀವೂ ಹೊರಗ ಹಾಕಿದ್ರ ಮತ್ತ ಅಲ್ಲಿಗೇ ಹೋಗಬೇಕು” ಅಂದೆ. ಬೇಡಿಕೊಳ್ಳಬೇಕು ಅಂತಲೇ ಬಾಯಿ ತೆರೆದದ್ದು, ಬಂದದ್ದು ಬೈದಂತೆ ಬಂತು. ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ಒಂದ್ ಚಾಕಿ ಉಳ ರೈತ್ರಿಗೆ ಕೊಡಗಂಟ ಮಡಿಕ್ಕಂಡು ನೋಡ್ತೀನಿ. ದಿನಾ ನಿನ್ ಕೈ ಮೂಸ್ತೀನಿ. ವಾಸ್ನೆ ಬಂತೋ, ಅವತ್ತೇ ನಡಿ ಅಂತೀನಿ. ಆಯ್ತಾ?”

ಆಯಿತು ಅನ್ನದೆ ಇನ್ನೇನು ಅನ್ನಲಿ?

ಮನೆಗೆ ಬಂದು ಮೊದಲು ಮಾಡಿದ ಕೆಲಸ, ಗಂಡನ ಜೇಬಿನಲ್ಲಿದ್ದ ತಂಬಾಕಿನ ಡಬ್ಬಿ ಕಿತ್ತು ಮೋರಿಗೆ ಎಸೆದದ್ದು. ಎಲೆಯಡಿಕೆ ಜೊತೆ ಒಂದು ಚೂರು ತಂಬಾಕು ಇಲ್ಲದಿದ್ದರೆ ಅವನಿಗೆ ಹೊತ್ತು ಹೋಗುತ್ತಿರಲಿಲ್ಲ. “ಹುಚ್ಚು ಹಿಡದೈತೇನ ನಿನಗ?” ಅಂತ ಕೂಗಾಡಿದ. ನಾನೂ ಕೂಗಾಡಿದೆ. ಅವನ ಅಂಗಿ ನನ್ನ ಸೀರೆಯ ಪಕ್ಕ ಒಣಗಹಾಕುವಂತಿಲ್ಲ, ಅವನು ಹೊದ್ದ ಕಂಬಳಿ ನಾನು ಮುಟ್ಟುವಂತಿಲ್ಲ ಅಂತ ಕಟ್ಟಳೆ ಮಾಡಿದೆ. ಪಾಪ, ಅವನು ಒಣ ಅಡಿಕೆ ಜಗಿಯುತ್ತಾ ಮುಖ ಊದಿಸಿಕೊಂಡು ತಿರುಗಾಡಿದ. ಆದರೆ ಮತ್ತೆ ಡಬ್ಬಿ ತರಲಿಲ್ಲ.

ದಿನಾ ಬೆಳಗ್ಗೆ ತಲೆಗೆ ಸ್ನಾನ ಮಾಡಿ ಮೊದಲ ಬಸ್ಸು ಹಿಡಿಯುತ್ತಿದ್ದೆ. ಹುಳುಮನೆಯ ಬಾಗಿಲಲ್ಲಿ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ, ಕೈ ತೊಳೆದು ಎರಡೂ ಅಂಗೈ ಚಾಚುತ್ತಿದ್ದೆ. ಅಕ್ಕ ಬಗ್ಗಿ ಮೂಸುವರು. ಬೆರಳ ಸಂದಿ, ಉಗುರ ಬುಡ, ಮಣಿಕಟ್ಟು. ಸೊಪ್ಪು ತರುವ ಹೆಂಗಸರು ನಿಂತು ನೋಡುವರು. ಒಬ್ಬಳಂತೂ “ದೇವ್ರಿಗೂ ಇಂಗೆ ಮಡಿ ಮಾಡಾಕಿಲ್ಲ ಬುಡು” ಅಂತ ನಗುತ್ತಿದ್ದಳು. ನನಗೆ ಎರಡೂ ಕೈ ಹಿಂದಕ್ಕೆಳೆದುಕೊಂಡು ಹೊರಟುಬಿಡೋಣ ಅನಿಸುತ್ತಿತ್ತು. ಗೋದಾಮಿನ ನೆನಪು ಬಂದು ಕೈ ಅಲ್ಲೇ ನಿಲ್ಲುತ್ತಿತ್ತು.

ಒಳಗಿನ ಕೆಲಸ ಮಾತ್ರ ನನಗೆ ಹಿಡಿಸಿಬಿಟ್ಟಿತು. ಚಿಗುರು ಸೊಪ್ಪನ್ನು ಸಣ್ಣಗೆ ಕತ್ತರಿಸಿ ತಟ್ಟೆಗಳಿಗೆ ತೆಳ್ಳಗೆ ಉದುರಿಸಬೇಕು. ಕಾಣುವುದೋ ಇಲ್ಲವೋ ಅನ್ನುವಂಥ ಕರೀ ಮರಿಗಳು ದಿನದಿಂದ ದಿನಕ್ಕೆ ಬೆಳ್ಳಗಾಗುತ್ತಾ ಬಂದವು. ಬೆಚ್ಚಗಿನ ಕೋಣೆ, ಹಸಿ ಸೊಪ್ಪಿನ ವಾಸನೆ, ಧೂಳಿಲ್ಲ. ಒಂದು ಮಧ್ಯಾಹ್ನ ಗಮನಿಸಿದೆ, ನಾನು ಬೆಳಗಿನಿಂದ ಕೆಮ್ಮಿಯೇ ಇರಲಿಲ್ಲ. ಆಗ ಹುಟ್ಟಿದ ಆಸೆಯೇ ಭಯವೂ ಆಯಿತು. ಈ ಕೆಲಸ ತಪ್ಪಿದರೆ ಏನು ಗತಿ ಅಂತ ಅಲ್ಲಿಯವರೆಗೆ ಅಷ್ಟು ಹೆದರಿರಲಿಲ್ಲ.

ಹುಳು ಎರಡನೇ ಜ್ವರಕ್ಕೆ ಕೂತ ಮಾರನೇ ದಿನವೇ ಅಕ್ಕನ ಅಣ್ಣನ ಮನೆಯಲ್ಲಿ, ದುದ್ದದಲ್ಲಿ, ಬೀಗರೂಟ. ಮದುವೆ ಮುಗಿದ ಮೇಲೆ ಬೀಗರಿಗೆ ಬಾಡೂಟ ಹಾಕಿಸುತ್ತಾರಲ್ಲ, ಅದು. ಈ ಕಡೆ ಮದುವೆಗೆ ಹೋಗದಿದ್ದರೂ ನಡೆದೀತು, ಬೀಗರೂಟಕ್ಕೆ ಹೋಗದಿದ್ದರೆ ಮಾತೇ ಬಿಟ್ಟುಬಿಡುತ್ತಾರೆ. ಅದೂ ಹುಟ್ಟಿದ ಮನೆಯದು. ಅಕ್ಕ ಹೋಗಲೇಬೇಕಾಗಿತ್ತು.

“ಸಂಜೆ ವತ್ಗೆ ಏಳ್ತವೆ. ಅಷ್ಟ್ರಲ್ಲಿ ಬತ್ತೀನಿ. ನಾನು ಬರಗಂಟ ಸೊಪ್ಪಾಕ್‌ಬ್ಯಾಡ. ಮುಂದಾಗಿ ಎದ್ದವಕ್ಕೆ ಆಕ್ಬುಟ್ರೆ, ಇಂದಾಗಿ ಏಳೋವು ಸಣ್ಣವಾಗೇ ಉಳ್ಕತವೆ. ಬೆಳಗ್ಗೆ ರೈತರು ಬಂದು ಮಕಕ್ಕೆ ಉಗೀತಾರೆ. ಯಾರನ್ನೂ ಒಳಗೆ ಬುಡಬ್ಯಾಡ. ದೇವ್ರೇ ಬಂದ್ರೂ ಬುಡಬ್ಯಾಡ.”

ಅವತ್ತು ಬಿಸಿಲು ಜೋರಾಗಿತ್ತು. ಅಕ್ಕ ಹೇಳಿದ್ದಕ್ಕಿಂತ ಮೊದಲೇ ಹುಳುಗಳು ಏಳತೊಡಗಿದವು. ಮೊದಲು ತಟ್ಟೆಯ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು. ಆಮೇಲೆ ಎಲ್ಲ ಕಡೆ ತಲೆಯಾಡಿಸುತ್ತಾ ಮೇವು ಹುಡುಕುತ್ತಾ ಹರಿದಾಡಿದವು. ಅಕ್ಕನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಊಟದ ಗಲಾಟೆಯಲ್ಲಿ ಎಲ್ಲಿ ಕೇಳಬೇಕು? ಸೊಪ್ಪು ಕತ್ತರಿಸಿ ಒದ್ದೆ ಬಟ್ಟೆ ಮುಚ್ಚಿ ಇಟ್ಟುಕೊಂಡೆ. ಹಾಕಿದರೆ ಮಾತು ಮೀರಿದೆ ಅಂತ ಓಡಿಸುತ್ತಾರೆ. ಹಾಕದೆ ಹುಳು ಸೊರಗಿದರೆ, ಕಣ್ಣು ಕಾಣಲಿಲ್ಲವೇ ಅಂತ ಓಡಿಸುತ್ತಾರೆ. ಹುಳುಗಳನ್ನು ನೋಡುತ್ತಾ, ಬಾಗಿಲಿಗೆ ಬಂದು ರಸ್ತೆ ನೋಡುತ್ತಾ ಸುತ್ತಿದೆ.

ಇನ್ನೂ ಬೆಳಕಿರುವಾಗಲೇ ಕಾರು ಬಂತು. ಅಕ್ಕ, ಅವರ ತಂಗಿ, ತಂಗಿಯ ಗಂಡ. ಅಕ್ಕ ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ ಓಡೋಡಿಯೇ ಬಂದರು. “ಎದ್ವಾ? ಎದ್ವಾ? ಅಯ್ಯೋ, ಫೋನ್ ನೋಡ್ನೇ ಇಲ್ಲ ಕಣಮ್ಮಿ! ಸರಿ ಅತ್ಲಾಗೆ, ಸೊಪ್ಪು ಎಲ್ಲಿ?”

ಅಕ್ಕ ನೀರಿನಲ್ಲಿ ಕಾಲದ್ದಿ, ಕೈ ಒದ್ದೆ ಮಾಡಿಕೊಂಡು ಹೊಸ್ತಿಲಿಗೆ ಬಂದಾಗ ನನ್ನ ಮೂಗಿಗೆ ಬಡಿಯಿತು. ತಂಬಾಕು. ಹುಟ್ಟಿದಂದಿನಿಂದ ಕುಡಿದ ವಾಸನೆ, ತಪ್ಪುವುದೆಲ್ಲಿ?

ನಾನು ಬಾಗಿಲಿಗೆ ಅಡ್ಡ ನಿಂತೆ. “ಅಕ್ಕಾರ, ಒಳಗ ಬರಬ್ಯಾಡ್ರಿ.”

“ಏನಂದೆ?”

“ನಿಮ್ಮ ಕೈಯಾಗ ತಂಬಾಕಿನ ವಾಸನಿ ಐತ್ರಿ.”

ಅಕ್ಕ ನನ್ನ ಮುಖವನ್ನೇ ನೋಡಿದರು. ಆಮೇಲೆ ತಮ್ಮ ಕೈ ಮೂಸಿಕೊಂಡರು. “ನಂಗೇನೂ ಬತ್ತಿಲ್ಲ. ಬರೀ ಎಲೆಅಡಿಕೆ ಆಕ್ಕಂಡಿವ್ನಿ. ವಗೆಸೊಪ್ಪು ನನ್ ಬಾಯಿಗೆ ಇಕ್ಕಿದೋಳಲ್ಲ. ಸರೀಮ್ಮಿ ಅತ್ಲಾಗೆ, ಉಳ ಅಸ್ಕೊಂಡವೆ!”

ನಾನು ಸರಿಯಲಿಲ್ಲ. ಬಾಗಿಲ ಚೌಕಟ್ಟು ಗಟ್ಟಿಯಾಗಿ ಹಿಡಿದುಕೊಂಡೆ. ಅಕ್ಕನ ಮುಖ ಕೆಂಪಾಯಿತು. “ನನ್ ಮನೆ ಬಾಗ್ಲಲ್ಲಿ ನನ್ನೇ ತಡೀತೀಯಾ? ಇವತ್ತಿಂದ ನಿನ್ ಕೆಲ್ಸ ಬ್ಯಾಡ, ನಡಿ ಅಂದ್ರೆ ಏನ್ ಮಾಡ್ತೀಯಾ?”

“ಹೋಗ್ತೇನ್ರಿ. ಹುಳಕ್ಕ ಮೇವು ಹಾಕಿ ಹೋಗ್ತೇನಿ. ನೀವು ಮಾತ್ರ ಒಳಗ ಬರಬ್ಯಾಡ್ರಿ.”

ತಂಗಿಗೆ ಸಿಟ್ಟು ನೆತ್ತಿಗೇರಿತು. ಕಾರಿನ ಹತ್ತಿರದಿಂದಲೇ ಕೂಗಿದರು. “ಏನೇ ನಿನ್ ದವಲತ್ತು? ನೆನ್ನೆ ಮೊನ್ನೆ ಬಂದೋಳು! ನಮ್ಮಕ್ಕ ಯಾರು ಅಂತ ಗೊತ್ತಾ? ಮನೆ ಇರೀಮಗಳು ಅಂತ ಬೀಗ್ರಿಗೆಲ್ಲ ತಟ್ಟೆ ಇಡ್ಕೊಂಡು ಎಲೆ, ಅಡಿಕೆ, ವಗೆಸೊಪ್ಪು ಮುರ್ದು ಮುರ್ದು ಕೊಟ್ಟ ಕೈ ಕಣೇ ಅದು! ಆ ಕೈಗೆ ವಾಸ್ನೆ ಅಂತೀಯಾ?”

ಅಷ್ಟು ಹೇಳಿ ಅವರೇ ಬಾಯಿ ಮುಚ್ಚಿಕೊಂಡರು. ತಂಗಿಯ ಗಂಡ ಬೇರೆ ಕಡೆ ತಿರುಗಿದರು. ಅಕ್ಕ ತಮ್ಮ ಎರಡೂ ಕೈ ಮೈಯಿಂದ ದೂರ ಹಿಡಿದುಕೊಂಡು ಹಾಗೇ ನಿಂತರು. ತಾವು ತಿನ್ನುವವರಲ್ಲ, ಅದಕ್ಕೇ ಹಂಚಿದ್ದು ನೆನಪಿಗೇ ಬಂದಿರಲಿಲ್ಲ. ಹೆಣ್ಣುಮಗಳು ತವರಿನಲ್ಲಿ ತಟ್ಟೆ ಹಿಡಿಯುವುದು ಅವರಿಗೆ ಉಸಿರಾಡಿದಷ್ಟು ಸಹಜ. ಅದರಲ್ಲಿ ಏನಿದೆ ಅಂತ ಯಾರು ನೋಡುತ್ತಾರೆ?

ಒಳ್ಳೆಯ ಮಾತು ಬಂದೀತೆಂದು ಕಾದೆ. ಬರಲಿಲ್ಲ. “ನಿಂತ್ಕೊಂಡು ನನ್ ಮಕ ಏನ್ ನೋಡ್ತೀಯಾ? ಓಗಿ ಸೊಪ್ಪಾಕು!” ಅಂತ ಗದರಿದರು. ಬಾಗಿಲು ಬಿಟ್ಟು ಗೋಡೆ ಸುತ್ತಿ ಹೋಗಿ, ಗಾಜಿನ ಕಿಟಕಿಯ ಹೊರಗೆ ನಿಂತರು. ಒಂದನೇ ಜ್ವರದಿಂದ ಎದ್ದಾಗ ಹುಳುವಿಗೆ ಮೊದಲ ಮೇವನ್ನು ಅವರೇ ಹಾಕಿದ್ದರು, ನಾನು ಸೊಪ್ಪು ಎತ್ತಿ ಕೊಟ್ಟಿದ್ದೆ ಅಷ್ಟೆ. ಈಗ ಗಾಜಿನಾಚೆಯಿಂದ ಅವರ ಗಂಟಲು. “ತೆಳ್ಳಗೆ! ತೆಳ್ಳಗೆ ಕಣೇ! ಮೂಲೆ ಬುಟ್ಬುಟ್ಟೆ ನೋಡು! ಕೆಳಗಿನ ತಟ್ಟೆ ಮೇಲೆ ಬರ್ಲಿ!” ಅವಸರಕ್ಕೆ ಒಂದು ಕಡೆ ಸೊಪ್ಪು ಗುಪ್ಪೆಯಾಗಿ ಬಿತ್ತು. “ಥೂ!” ಅಂದರು. ಬೆರಳಲ್ಲಿ ಹರಡಿದೆ. ಹುಳುಗಳು ಒಂದೊಂದಾಗಿ ಸೊಪ್ಪಿನ ಮೇಲೆ ಹತ್ತಿದವು.

ಕೊನೆಯ ತಟ್ಟೆ ಮುಗಿಸಿ ಹೊರಗೆ ಬಂದಾಗ ಅಕ್ಕ ಅಲ್ಲಿರಲಿಲ್ಲ. ಬಚ್ಚಲಲ್ಲಿ ನೀರು ಸುರಿಯುವ ಸದ್ದು ಕೇಳುತ್ತಿತ್ತು. ನಾಳೆ ಬಾ ಅಂತಲೂ ಇಲ್ಲ, ಬರಬೇಡ ಅಂತಲೂ ಇಲ್ಲ. ಕೋಣೆಗೆ ಬಂದಾಗ ಗಂಡ ನನ್ನ ಮುಖ ನೋಡಿ “ಹೋತೇನು ಕೆಲಸ?” ಅಂದ. ಗೊತ್ತಿಲ್ಲ ಅಂತ ಹೇಳಲು ಹೋಗಿ ಅತ್ತುಬಿಟ್ಟೆ. ಬಾಗಿಲಿಗೆ ಅಡ್ಡ ನಿಂತಿದ್ದಕ್ಕೆ ಪಶ್ಚಾತ್ತಾಪವೇನೂ ಇರಲಿಲ್ಲ. ಹೆದರಿಕೆ ಮಾತ್ರ ಬೆಟ್ಟದಷ್ಟಿತ್ತು.

ಬೆಳಗ್ಗೆ ಅದೇ ಬಸ್ಸು ಹಿಡಿದೆ. ಅಂಗಳದಲ್ಲಿ ಆಗಲೇ ಹುಳು ಒಯ್ಯಲು ರೈತರು ಬಂದು ನಿಂತಿದ್ದರು. ಅಕ್ಕ ಒದ್ದೆ ಕೂದಲನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಹೊಸ್ತಿಲಲ್ಲಿ ನಿಂತಿದ್ದರು, ಒಳಗೆ ಹೋಗಿರಲಿಲ್ಲ. ಕಾಲದ್ದಿ, ಕೈ ತೊಳೆದು, ದಿನದಂತೆ ಎರಡೂ ಅಂಗೈ ಚಾಚಿದೆ. ಅವರು ಬಗ್ಗಲಿಲ್ಲ. ತಮ್ಮ ಎರಡೂ ಕೈಗಳನ್ನು ನನ್ನ ಮೂಗಿನ ಮುಂದೆ ಹಿಡಿದರು.

“ನೋಡಮ್ಮಿ. ಸೀಗೇಕಾಯಿ, ನಿಂಬೆಅಣ್ಣು, ಬೂದಿ, ಎಲ್ಲಾ ಆಕಿ ಉಜ್ಜಿವ್ನಿ. ಓಯ್ತಾ?”

ರೈತರು ಮಾತು ನಿಲ್ಲಿಸಿ ನಮ್ಮ ಕಡೆ ನೋಡಿದರು. ನಾನು ಆ ಕೈ ಹಿಡಿದುಕೊಂಡೆ. ಒರಟು ಅಂಗೈ. ಬೆರಳ ಸಂದಿ ಮೂಸಿದೆ, ಮಣಿಕಟ್ಟು ಮೂಸಿದೆ. ನಿಂಬೆಹಣ್ಣಿನ ಘಾಟು. ಉಗುರ ಬುಡದಲ್ಲಿ, ಇಷ್ಟೇ ಇಷ್ಟು, ಇನ್ನೂ ಇತ್ತು. ಹೋಯಿತು ಅಂದುಬಿಟ್ಟರೆ ಎಲ್ಲರಿಗೂ ಸಮಾಧಾನ, ನನ್ನ ಕೆಲಸವೂ ಉಳಿದೀತು ಅಂತ ಮನಸ್ಸು ಹೇಳಿತು.

“ಉಗುರಿನ್ಯಾಗ ಇನ್ನೂ ಐತ್ರಿ ಅಕ್ಕಾರ. ಇನ್ನೊಮ್ಮೆ ತೊಳಕೊಂಡು ಬರ್ರಿ.”

ಒಬ್ಬ ರೈತ ಕಿಸಕ್ಕನೆ ನಕ್ಕು ಕೆಮ್ಮಿದಂತೆ ಮಾಡಿದ. ಅಕ್ಕ ನನ್ನನ್ನು ದುರುಗುಟ್ಟಿ ನೋಡಿದರು. “ನಿನ್ ಮೂಗಿಗಿಷ್ಟು ಬೆಂಕಿ ಆಕ!” ಅಂದು ನೀರಿನ ತೊಟ್ಟಿಯ ಕಡೆ ತಿರುಗಿದರು. ಹೋಗುತ್ತಾ ಹೋಗುತ್ತಾ, ಹಿಂದೆ ನೋಡದೆಯೇ ಕೂಗಿದರು.

“ಸನಿವಾರ ವಸ ಮೊಟ್ಟೆ ಬತ್ತವೆ. ಲೇಟ್ ಮಾಡ್ಬ್ಯಾಡ. ನೀನೀಗ ಒಳಕ್ಕೋಗು, ಉಳಕ್ಕೆ ಸೊಪ್ಪಾಕು, ಓಗು!”

ನಾನು ಒಳಗೆ ಹೋದೆ. ಅವತ್ತು ನನ್ನ ಕೈಯನ್ನು ಯಾರೂ ಮೂಸಲಿಲ್ಲ.